ಓದುಗರ ಪ್ರಶ್ನೆ: ಲೈವ್ ಕ್ಲಾಸ್‌ನಲ್ಲಿ ಮಾತು ಕಟ್ ಕಟ್ ಆಗದಿರಲು

ನೀಟ್, ಸಿಇಟಿ ಕೋಚಿಂಗ್, ಸ್ಪೋಕನ್ ಇಂಗ್ಲಿಷ್, ವೀಣೆ ಪಾಠ: ಸಂಜೆ ಆರಾದ ಮೇಲೆ ಎಷ್ಟೋ ಮನೆಗಳಲ್ಲಿ ಮಕ್ಕಳು ಫೋನ್ ಮುಂದೆ ಕೂತಿರುತ್ತಾರೆ. ಈ ಕುರಿತು ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಹೆಚ್ಚಿನವರು ವಿಚಾರಿಸಿರುವುದು ಒಳ್ಳೆಯ ಕ್ಯಾಮೆರಾ, ದೊಡ್ಡ ಪ್ಯಾಕ್, ಹೊಸ ಲ್ಯಾಪ್‌ಟಾಪ್ ಬಗ್ಗೆ. ನಮ್ಮ ಉತ್ತರಗಳು ಮಾತ್ರ ಮತ್ತೆ ಮತ್ತೆ ಇಯರ್‌ಫೋನಿನ ಹತ್ತಿರಕ್ಕೇ ಬಂದು ನಿಲ್ಲುತ್ತವೆ. ಪಾಠದಲ್ಲಿ ಚಿತ್ರ ಒಂದು ಗಳಿಗೆ ನಿಂತರೆ ಹೇಗೋ ಸಂಭಾಳಿಸಬಹುದು. ಮಾತು ನಿಂತರೆ ಆ ಲೆಕ್ಕವೇ ಕೈತಪ್ಪುತ್ತದೆ.

ಪ್ರಶ್ನೆ: ನಮ್ಮದು ಶೀಟ್ ಮನೆ. ಜಗುಲಿಯಲ್ಲಿ ಮೂರು ಕಡ್ಡಿ ಸಿಗ್ನಲ್ ಇರುತ್ತೆ, ಒಳಗೆ ಬಂದರೆ ಒಂದೂ ಇರಲ್ಲ. ಮಗಳಿಗೆ ಸಂಜೆ 7ರಿಂದ 9ರವರೆಗೆ ನೀಟ್ ಕ್ಲಾಸ್. ಸಾರ್ ಹೇಳೋದು ತುಂಡು ತುಂಡಾಗಿ ಕೇಳಿಸುತ್ತೆ ಅಂತಾಳೆ. ಜಾಸ್ತಿ ದುಡ್ಡಿನ ಪ್ಯಾಕ್ ಹಾಕಿಸಿದರೆ ಸರಿಹೋಗುತ್ತಾ?
(ದ್ವಿತೀಯ ಪಿಯು ವಿದ್ಯಾರ್ಥಿನಿಯ ತಂದೆ, ಮದ್ದೂರು ತಾಲ್ಲೂಕು)

ಉತ್ತರ: ಹೋಗುವುದಿಲ್ಲ. ದೊಡ್ಡ ಪ್ಯಾಕ್‌ನಿಂದ ಜಿಬಿ ಹೆಚ್ಚುತ್ತದೆ, ಸಿಗ್ನಲ್ ಹೆಚ್ಚುವುದಿಲ್ಲ. ತಗಡಿನ ಶೀಟು ಟವರಿನಿಂದ ಬರುವ ರೇಡಿಯೋ ಅಲೆಯನ್ನು ಒಳಗೆ ಬಿಡದೆ ವಾಪಸ್ ಕಳಿಸುತ್ತದೆ. ಸಿಮೆಂಟ್ ಶೀಟಾಗಿದ್ದರೆ ಇಷ್ಟು ತೊಂದರೆ ಇರುತ್ತಿರಲಿಲ್ಲ.

ಮನೆಯಲ್ಲಿ ಎರಡು ಫೋನ್ ಇದ್ದರೆ ಒಂದನ್ನು ಜಗುಲಿ ಕಡೆಯ ಕಿಟಕಿಯಲ್ಲಿಟ್ಟು ಹಾಟ್‌ಸ್ಪಾಟ್ ಮಾಡಿ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ 2.4 ಗಿಗಾಹರ್ಟ್ಸ್ ಇರಲಿ. 5 ಗಿಗಾಹರ್ಟ್ಸ್ ವೇಗದ್ದೇ ಆದರೂ ಗೋಡೆ ದಾಟುವಾಗ ಬೇಗ ಸೋಲುತ್ತದೆ. ಮಗಳು ಒಳಗೆ ಕೂತು ಇನ್ನೊಂದು ಫೋನಿನಿಂದ ಆ ವೈಫೈಗೆ ಸೇರಲಿ. ಇಟ್ಟಿಗೆ ಗೋಡೆ, ಕಿಟಕಿಯ ಮೂಲಕ ಇಷ್ಟು ದೂರ ಅದು ಆರಾಮಾಗಿ ಬರುತ್ತದೆ. ಲ್ಯಾಪ್‌ಟಾಪ್ ಇದ್ದರೆ ಹಾಟ್‌ಸ್ಪಾಟ್ ಬಿಟ್ಟು ಯುಎಸ್‌ಬಿ ಟೆದರಿಂಗ್ ಬಳಸಿ. ಕೇಬಲ್ ಮೂಲಕ ಹೋದ ಡೇಟಾ ಹೆಚ್ಚು ಸ್ಥಿರ, ಜೊತೆಗೆ ಫೋನೂ ಚಾರ್ಜ್ ಆಗುತ್ತಿರುತ್ತದೆ. ಇರುವುದು ಒಂದೇ ಫೋನಾದರೆ ಬೇರೆ ಉಪಾಯವಿಲ್ಲ, ಜಗುಲಿಯಲ್ಲೇ ಕೂರಬೇಕು. ಆಗ ಇಯರ್‌ಫೋನ್ ಬೇಕೇ ಬೇಕು.

ಇದಿಷ್ಟೂ ಜಾಗದ ಮಾತಾಯಿತು, ಹೊತ್ತಿನ ಮಾತು ಬೇರೆ. ಸಂಜೆ ಏಳರಿಂದ ಹತ್ತರವರೆಗೆ ಊರಿಗೂರೇ ಒಂದೇ ಟವರಿನಲ್ಲಿ ವಿಡಿಯೋ ನೋಡುತ್ತಿರುತ್ತದೆ. ಆದ್ದರಿಂದ ಬೆಳಿಗ್ಗೆ ಹತ್ತಕ್ಕೆ ಸ್ಪೀಡ್ ಟೆಸ್ಟ್ ಮಾಡಿ ಖುಷಿಪಟ್ಟರೆ ಉಪಯೋಗವಿಲ್ಲ, ಏಳೂವರೆಗೆ ಮಾಡಿ. ಡೌನ್‌ಲೋಡ್ 2 ಎಂಬಿಪಿಎಸ್, ಅಪ್‌ಲೋಡ್ 1 ಎಂಬಿಪಿಎಸ್ ಇದ್ದರೆ ಕ್ಲಾಸಿಗೆ ಸಾಕು. ಅದಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಹೊತ್ತು) ಮತ್ತು ಜಿಟರ್ (ಆ ಹೊತ್ತಿನ ಏರುಪೇರು). ಪಿಂಗ್ 100 ಮಿಲಿಸೆಕೆಂಡಿನ ಒಳಗೆ, ಜಿಟರ್ 30ರ ಒಳಗೆ ಇರಲಿ. ಸ್ಪೀಡ್ 20 ಎಂಬಿಪಿಎಸ್ ಇದ್ದೂ ಮಾತು ತುಂಡಾಗುವುದು ಹೆಚ್ಚಾಗಿ ಜಿಟರ್‌ನಿಂದ. ಯೂಟ್ಯೂಬ್ ಮುಂದಿನ ಒಂದಷ್ಟು ಸೆಕೆಂಡುಗಳ ವಿಡಿಯೋವನ್ನು ಮೊದಲೇ ತಂದಿಟ್ಟುಕೊಂಡು ತೋರಿಸುತ್ತದೆ. ಲೈವ್ ಕ್ಲಾಸಿಗೆ ಆ ಅವಕಾಶವಿಲ್ಲ. ತಡವಾಗಿ ಬಂದ ಮಾತಿನ ಚೂರನ್ನು ಆ್ಯಪ್ ಎಸೆದುಬಿಡುತ್ತದೆ, ನಿಮಗೆ ‘ತುಂಡು ತುಂಡು’ ಕೇಳಿಸುವುದು ಹಾಗೆ ಎಸೆದ ಜಾಗಗಳು.

ಎರಡು ದಿನ ಸಂಜೆ ಟೆಸ್ಟ್ ಮಾಡಿಯೂ ಜಿಟರ್ ಜಾಸ್ತಿ ಬಂದರೆ, ಅದೇ ಹೊತ್ತಿನಲ್ಲಿ ಪಕ್ಕದ ಮನೆಯವರ ಬೇರೆ ಕಂಪನಿ ಸಿಮ್‌ನಲ್ಲಿ ಪರೀಕ್ಷಿಸಿ. 5ಜಿ ಫೋನ್ ಆಗಿದ್ದು ಸಿಗ್ನಲ್ 5ಜಿಗೂ 4ಜಿಗೂ ಜಿಗಿಯುತ್ತಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 4ಜಿ ಮಾತ್ರ ಎಂದು ಇಟ್ಟುಬಿಡಿ. ಜಿಗಿಯುವಾಗ ಮಾತು ಕ್ಷಣಕಾಲ ಹೋಗಬಹುದು.

ಪ್ರಶ್ನೆ: ದಿನಕ್ಕೆ 1.5 ಜಿಬಿ ಇದೆ. ಎರಡು ಗಂಟೆ ಕ್ಲಾಸಿಗೇ ಖಾಲಿ. ಉಳಿಸುವುದು ಹೇಗೆ?
(ಪದವಿ ವಿದ್ಯಾರ್ಥಿ, ನಾಗಮಂಗಲ)

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಝೂಮ್‌ನಲ್ಲಿ ಗುಂಪಿನ ವಿಡಿಯೋ ನೋಡಲು ಸುಮಾರು 600 ಕೆಬಿಪಿಎಸ್‌ನಿಂದ 1 ಎಂಬಿಪಿಎಸ್ ಬೇಕು. 1 ಎಂಬಿಪಿಎಸ್ ಎಂದರೆ ಗಂಟೆಗೆ 450 ಎಂಬಿ. ನಿಮ್ಮ ಕ್ಯಾಮೆರಾ ಆನ್ ಇದ್ದರೆ ಅದರ ಮೇಲೆ ಇನ್ನೊಂದು 270 ಎಂಬಿ. ಎರಡು ಗಂಟೆಗೆ ಹತ್ತಿರ ಹತ್ತಿರ 1.44 ಜಿಬಿ. ಬರೀ ಮಾತಿಗಾದರೆ 60ರಿಂದ 80 ಕೆಬಿಪಿಎಸ್, ಸ್ಲೈಡ್ ಹಂಚಿಕೆಗೆ 50ರಿಂದ 150 ಸಾಕು. ಎರಡೂ ಸೇರಿ ಗಂಟೆಗೆ 100 ಎಂಬಿ ಆಸುಪಾಸು.

ನಿಮ್ಮ ಕ್ಯಾಮೆರಾ ಆಫ್ ಮಾಡಿ. ಝೂಮ್‌ನ ‘ಮೋರ್’ ಒಳಗೆ ‘ಸ್ಟಾಪ್ ಇನ್‌ಕಮಿಂಗ್ ವಿಡಿಯೋ’ ಒತ್ತಿ. ಇತರರ ಮುಖಗಳು ಹೋಗುತ್ತವೆ, ಸ್ಲೈಡ್ ಉಳಿಯುತ್ತದೆ. ಗೂಗಲ್ ಮೀಟ್‌ನ ಮೊಬೈಲ್ ಆ್ಯಪ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ‘ಲಿಮಿಟ್ ಡೇಟಾ ಯೂಸೇಜ್’ ಆನ್ ಮಾಡಿ. ಒಂದು ಎಚ್ಚರಿಕೆ: ಮೇಷ್ಟ್ರು ಕ್ಯಾಮೆರಾ ತಿರುಗಿಸಿ ನಿಜವಾದ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆಯುವವರಾದರೆ ವಿಡಿಯೋ ನಿಲ್ಲಿಸಿದಾಗ ಬೋರ್ಡೂ ಹೋಗುತ್ತದೆ. ಆ ಕ್ಲಾಸಿಗೆ ಡೇಟಾ ಕೂಡಿಟ್ಟುಕೊಳ್ಳಿ.

ದಿನದ ಪಾಲು ಮುಗಿದ ಮೇಲೆ ಹಲವು ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಲ್ಲಿಗೆ ಮಾತೂ ಸರಿಯಾಗಿ ಬರುವುದಿಲ್ಲ. ಹಗಲಿನ ರೀಲ್ಸ್ ಸಂಜೆಯ ಪಾಠವನ್ನು ತಿನ್ನುವುದು ಹೀಗೆ. ವಾಟ್ಸ್ಆ್ಯಪ್‌ನ ಆಟೋ ಡೌನ್‌ಲೋಡ್, ಪ್ಲೇಸ್ಟೋರ್‌ನ ಆಟೋ ಅಪ್‌ಡೇಟ್ ಎರಡನ್ನೂ ಮೊಬೈಲ್ ಡೇಟಾದಲ್ಲಿ ನಿಲ್ಲಿಸಿಡಿ.

ಪ್ರಶ್ನೆ: ಅಕ್ಕ ತಮ್ಮ ಇಬ್ಬರೂ ಒಂದೇ ಕ್ಲಾಸಿಗೆ ಎರಡು ಫೋನಿನಲ್ಲಿ ಒಂದೇ ಕೋಣೆಯಿಂದ ಸೇರುತ್ತಾರೆ. ಕುಂಯ್ ಎಂಬ ಶಬ್ದ ಇಡೀ ಕ್ಲಾಸಿಗೆ ಕೇಳುತ್ತದೆ.
(ಗೃಹಿಣಿ, ಕುವೆಂಪುನಗರ, ಮೈಸೂರು)

ಉತ್ತರ: ಒಂದು ಫೋನಿನ ಸ್ಪೀಕರ್ ಶಬ್ದ ಇನ್ನೊಂದರ ಮೈಕಿಗೆ ಹೋಗಿ ಸುತ್ತು ಹೊಡೆಯುತ್ತಿದೆ. ಪ್ರತಿ ಆ್ಯಪ್ ತನ್ನ ಫೋನಿನ ಪ್ರತಿಧ್ವನಿಯನ್ನು ಮಾತ್ರ ಅಳಿಸಬಲ್ಲದು, ಪಕ್ಕದ ಫೋನಿನದನ್ನಲ್ಲ. ಇಬ್ಬರಿಗೂ ಇಯರ್‌ಫೋನ್ ಕೊಡಿ. ಅದಾಗದಿದ್ದರೆ ಒಂದು ಫೋನಿನಲ್ಲಿ ಝೂಮ್‌ನ ‘ಡಿಸ್‌ಕನೆಕ್ಟ್ ಆಡಿಯೋ’ ಮಾಡಿ. ಬರೀ ಮ್ಯೂಟ್ ಸಾಲದು, ಮ್ಯೂಟ್ ಮಾಡಿದರೂ ಅದರ ಸ್ಪೀಕರ್ ಕೂಗುತ್ತಲೇ ಇರುತ್ತದೆ.

ಪ್ರಶ್ನೆ: ಮಂಡ್ಯದಲ್ಲಿದ್ದೇನೆ, ಮೈಸೂರಿನ ಮೇಡಂ ಹತ್ತಿರ ಝೂಮ್‌ನಲ್ಲಿ ವೀಣೆ ಕಲಿಯುತ್ತಿದ್ದೇನೆ. ನಾನು ಮೀಟಿದ ನಾದ ಅರ್ಧಕ್ಕೇ ಸತ್ತುಹೋಗುತ್ತೆ, ತಂಬೂರಿ ಬಂದು ಬಂದು ಹೋಗುತ್ತೆ ಅನ್ನುತ್ತಾರೆ. ಒಟ್ಟಿಗೆ ನುಡಿಸಿದರೆ ತಾಳ ಕೂಡುವುದೇ ಇಲ್ಲ. ಇಂಟರ್ನೆಟ್ ಮಾತ್ರ ಚೆನ್ನಾಗಿದೆ.
(ಬ್ಯಾಂಕ್ ಉದ್ಯೋಗಿ, ಮಂಡ್ಯ)

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಮೊದಲನೆಯದಕ್ಕೆ ಪರಿಹಾರವಿದೆ, ಎರಡನೆಯದಕ್ಕೆ ಇಲ್ಲ. ಅದರೊಡನೆ ಹೊಂದಿಕೊಳ್ಳುವ ಕ್ರಮವಿದೆ.

ಝೂಮ್ ಮಾತಿಗಾಗಿ ಮಾಡಿದ ಆ್ಯಪ್. ಏರಿಳಿಯುತ್ತ ನಿಂತು ನಿಂತು ಬರುವ ಶಬ್ದ ಮಾತು, ಒಂದೇ ಸಮ ಇರುವುದು ಫ್ಯಾನಿನ ಸದ್ದು ಎಂದು ಅದರ ತಿಳಿವಳಿಕೆ. ತಂಬೂರಿ ಅದಕ್ಕೆ ಫ್ಯಾನಿನಂತೆಯೇ ಕೇಳುತ್ತದೆ, ಒರೆಸಿಹಾಕುತ್ತದೆ. ಮೀಟಿದ ತಂತಿಯ ನಾದ ಇಳಿಯುತ್ತ ಇಳಿಯುತ್ತ ಗಮಕ ತೆಗೆಯುವ ಹೊತ್ತಿಗೆ ಅದನ್ನೂ ಗದ್ದಲವೆಂದು ಕತ್ತರಿಸುತ್ತದೆ. ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಶಿಯನ್ಸ್’ ಎಂಬುದನ್ನು ಆರಿಸಿ, ಅದರ ಕೆಳಗಿನ ‘ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್’ ಕೂಡ ಹಾಕಿ. ಆಮೇಲೆ ಕ್ಲಾಸಿನ ಒಳಗೆ ‘ಒರಿಜಿನಲ್ ಸೌಂಡ್’ ಆನ್ ಎಂದು ತೋರಿಸುತ್ತಿದೆಯೇ ನೋಡಿ. ಈ ಆಯ್ಕೆ ಕಳಿಸುವವರ ಶಬ್ದಕ್ಕೆ ಮಾತ್ರ ಅನ್ವಯ. ನಿಮ್ಮ ವೀಣೆ ಅವರಿಗೆ ಸರಿಯಾಗಿ ಕೇಳಲು ನೀವು ಹಾಕಬೇಕು, ಅವರ ವೀಣೆ ನಿಮಗೆ ಕೇಳಲು ಅವರು ಹಾಕಬೇಕು. ಒಬ್ಬರೇ ಹಾಕಿ ‘ಏನೂ ವ್ಯತ್ಯಾಸ ಇಲ್ಲ’ ಎಂದು ಬಿಟ್ಟವರು ಬಹಳ.

ಹೀಗೆ ಮಾಡಿದಾಗ ಪ್ರತಿಧ್ವನಿ ಅಳಿಸುವ ಕೆಲಸವೂ ಕಡಿಮೆಯಾಗುವುದರಿಂದ ಸ್ಪೀಕರ್ ಬಳಸಬಾರದು, ವೈರಿನ ಇಯರ್‌ಫೋನ್ ಹಾಕಿಕೊಳ್ಳಿ. ಬ್ಲೂಟೂತ್ ಸಂಗೀತಕ್ಕೆ ಬೇಡ. ಅದರ ಮೈಕ್ ಆನ್ ಆದ ಕೂಡಲೆ ಅದು ಫೋನ್ ಕರೆಯ ಮಟ್ಟದ ಧ್ವನಿಗೆ ಇಳಿಯುತ್ತದೆ, ಮೇಲೆ ತನ್ನದೊಂದಿಷ್ಟು ತಡವನ್ನೂ ಸೇರಿಸುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮೈಕ್ ಇರುವ ಇಯರ್‌ಫೋನ್ ಚುಚ್ಚಿದರೆ ಫೋನ್ ತನ್ನ ಮೈಕ್ ಬಿಟ್ಟು ಕುತ್ತಿಗೆ ಬಳಿ ತೂಗುವ ಆ ಪುಟ್ಟ ಮೈಕನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ನಿಮ್ಮ ಉಸಿರು ಕೇಳಿಸಿದಷ್ಟು ವೀಣೆ ಕೇಳಿಸುವುದಿಲ್ಲ. ಪಿನ್ನನ್ನು ಗಮನಿಸಿ: ಮೂರು ಕಪ್ಪು ಉಂಗುರ ಇದ್ದರೆ ಅದರಲ್ಲಿ ಮೈಕ್ ಸಂಪರ್ಕವಿದೆ, ಎರಡೇ ಇದ್ದರೆ ಇಲ್ಲ. ವೀಣೆ ಪಾಠಕ್ಕೆ ಎರಡು ಉಂಗುರದ್ದೇ ಒಳ್ಳೆಯದು. ಆಗ ಕಿವಿಗೆ ಇಯರ್‌ಫೋನ್, ವೀಣೆಗೆ ಫೋನಿನ ಸ್ವಂತ ಮೈಕ್. ಲ್ಯಾಪ್‌ಟಾಪಿನಲ್ಲಾದರೆ ಮೈಕ್ ಯಾವುದು, ಸ್ಪೀಕರ್ ಯಾವುದು ಎಂದು ಝೂಮ್ ಒಳಗೇ ಬೇರೆ ಬೇರೆ ಆರಿಸಬಹುದು. ಫೋನನ್ನು ವೀಣೆಯ ಕೊಡದ ಎದುರು ಒಂದೂವರೆ ಎರಡು ಅಡಿ ದೂರದಲ್ಲಿ, ಸ್ಟೂಲಿನ ಮೇಲೆ ಮಡಿಸಿದ ಬಟ್ಟೆ ಹಾಸಿ ಇಡಿ. ನೀವು ಕೂತ ಮಣೆ ಅಥವಾ ಹಲಗೆಯ ಮೇಲೇ ಇಟ್ಟರೆ ಮೀಟಿದಾಗಲೆಲ್ಲ ಗುದ್ದು ಕೇಳುತ್ತದೆ.

ತಂಬೂರಿ ಒಂದು ಹೊತ್ತಿಗೆ ಒಂದೇ ಕಡೆ ಇರಲಿ. ಇಬ್ಬರೂ ಎರಡೂವರೆ ಮನೆ ಶ್ರುತಿ ಎಂದು ಮೊದಲೇ ಒಪ್ಪಿಕೊಂಡು, ಯಾರು ನುಡಿಸುತ್ತಾರೋ ಅವರ ಕಡೆಯ ತಂಬೂರಿ ಮಾತ್ರ ಕೇಳಲಿ, ಇನ್ನೊಬ್ಬರು ಮ್ಯೂಟ್.

ಇನ್ನು ತಾಳ. ಮೈಕಿನಿಂದ ಹೊರಟ ನಾದ ಆ್ಯಪ್, ಟವರ್, ಸರ್ವರ್ ಎಲ್ಲ ದಾಟಿ ಇನ್ನೊಬ್ಬರ ಕಿವಿ ಮುಟ್ಟಲು ಕಾಲು ಸೆಕೆಂಡ್ ಹಿಡಿಯಿತು ಎನ್ನೋಣ. ಆದಿತಾಳದಲ್ಲಿ ಅಕ್ಷರಕ್ಕೆ ಒಂದು ಸೆಕೆಂಡ್ ಇಟ್ಟು ಸರಳೆ ವರಸೆ ಹಿಡಿದರೆ ಮೂರನೆಯ ಕಾಲದಲ್ಲಿ ಸೆಕೆಂಡಿಗೆ ನಾಲ್ಕು ಸ್ವರ, ಅಂದರೆ ಒಂದೊಂದಕ್ಕೂ ಕಾಲು ಸೆಕೆಂಡ್. ಮೇಡಂ ‘ರಿ’ ನುಡಿಸುವಾಗ ನಿಮಗೆ ‘ಸ’ ಕೇಳುತ್ತಿರುತ್ತದೆ. ಅದಕ್ಕೆ ಕೂಡಿಸಿ ನೀವು ನುಡಿಸಿದ ‘ಸ’ ಅವರನ್ನು ತಲುಪುವಾಗ ಅವರು ‘ಗ’ ಮೇಲೆ ಇರುತ್ತಾರೆ. ಯಾವ ಪ್ಲಾನ್ ಹಾಕಿಸಿದರೂ ಇದು ಪೂರ್ತಿ ಹೋಗದು. ಆದ್ದರಿಂದ ಒಟ್ಟಿಗೆ ನುಡಿಸುವುದನ್ನು ಕೈಬಿಡಿ. ಅವರು ಒಂದು ಆವರ್ತ ನುಡಿಸಲಿ, ನೀವು ಕೇಳಿ. ಆಮೇಲೆ ನೀವು ನುಡಿಸಿ, ಅವರು ಮ್ಯೂಟ್‌ನಲ್ಲಿ ಕೇಳಲಿ. ತಾಳ ಯಾವಾಗಲೂ ನುಡಿಸುವವರ ಕಡೆಯಲ್ಲೇ ಇರಬೇಕು: ನಿಮ್ಮ ಮೆಟ್ರೊನೋಮ್ ಅಥವಾ ನಿಮ್ಮ ಕಾಲಿನ ತಾಳ. ಅವರು ಅಲ್ಲಿ ತಟ್ಟುವ ತಾಳಕ್ಕೆ ನೀವಿಲ್ಲಿ ನುಡಿಸಲು ಹೋಗಬೇಡಿ. ಕೃತಿಯೊಂದು ಪೂರ್ತಿ ಒಪ್ಪಿಸಬೇಕಾದಾಗ ಹಿಂದಿನ ದಿನವೇ ರೆಕಾರ್ಡ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ. ವಾಯ್ಸ್ ನೋಟ್ ಆದರೆ ನಾದ ಹಿಂಡಿಹೋಗುತ್ತದೆ. ಕ್ಲಾಸಿನ ಹೊತ್ತು ತಿದ್ದುಪಡಿಗೆ ಉಳಿಯುತ್ತದೆ.

ಪ್ರಶ್ನೆ: ಅಪ್ಪನ ಫೋನಿನಿಂದ ಸೇರುತ್ತೇನೆ. ಪೂರ್ತಿ ಕೂತರೂ ಹಾಜರಿ ಹಾಕಿಲ್ಲ ಎನ್ನುತ್ತಾರೆ.
(ಬಿ.ಕಾಂ ವಿದ್ಯಾರ್ಥಿನಿ, ಶ್ರೀರಂಗಪಟ್ಟಣ)

ಉತ್ತರ: ಹಾಜರಿಯನ್ನು ಸಾಮಾನ್ಯವಾಗಿ ಆ್ಯಪ್ ಕೊಡುವ ಪಟ್ಟಿಯಿಂದ ತೆಗೆಯುತ್ತಾರೆ. ಅದರಲ್ಲಿ ಹೆಸರು, ಸೇರಿದ ಹೊತ್ತು, ಬಿಟ್ಟ ಹೊತ್ತು ಇರುತ್ತದೆ. ನಿಮ್ಮ ತಂದೆಯ ಹೆಸರೋ ಫೋನಿನ ಮಾಡೆಲ್ ಹೆಸರೋ ಇದ್ದರೆ ಅದು ನೀವೆಂದು ಯಾರಿಗೆ ಗೊತ್ತಾಗಬೇಕು? ಝೂಮ್‌ನಲ್ಲಿ ‘ಪಾರ್ಟಿಸಿಪೆಂಟ್ಸ್’ ತೆರೆದು, ನಿಮ್ಮ ಹೆಸರು ಒತ್ತಿ ‘ರೀನೇಮ್’ ಮಾಡಿ. ರೋಲ್ ನಂಬರ್ ಮೊದಲು, ಹೆಸರು ಆಮೇಲೆ. ಮೀಟ್‌ನಲ್ಲಿ ಹೆಸರು ಗೂಗಲ್ ಖಾತೆಯಿಂದ ಬರುವುದರಿಂದ ಕ್ಲಾಸಿನೊಳಗೆ ಬದಲಿಸಲಾಗದು. ಅಪ್ಪನ ಫೋನಿಗೆ ನಿಮ್ಮ ಖಾತೆಯನ್ನೂ ಸೇರಿಸಿ, ಸೇರುವ ಮುನ್ನ ಆ ಖಾತೆ ಆರಿಸಿ.

ನಡುವೆ ನೆಟ್ ಹೋಗಿ ಮತ್ತೆ ಸೇರಿದರೆ ಪಟ್ಟಿಯಲ್ಲಿ ಎರಡು ಸಾಲು ಬೀಳುತ್ತದೆ, ಕೆಲವರು ಮೊದಲ ಸಾಲನ್ನಷ್ಟೇ ನೋಡುತ್ತಾರೆ. ‘7.20ಕ್ಕೆ ಕಟ್ ಆಗಿ 7.24ಕ್ಕೆ ಮತ್ತೆ ಸೇರಿದೆ, ರೋಲ್ ನಂಬರ್ 23’ ಎಂದು ಚಾಟ್‌ನಲ್ಲಿ ಒಂದು ಸಾಲು ಹಾಕಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅಂದಹಾಗೆ, ಉಚಿತ ಝೂಮ್‌ನಲ್ಲಿ ಗುಂಪಿನ ಕ್ಲಾಸ್ 40 ನಿಮಿಷಕ್ಕೆ ತಾನೇ ಮುಗಿಯುತ್ತದೆ, ಉಚಿತ ಮೀಟ್‌ನಲ್ಲಿ 60ಕ್ಕೆ. ಅದು ನಿಮ್ಮ ನೆಟ್‌ವರ್ಕ್ ತಪ್ಪಲ್ಲ, ಅದೇ ಲಿಂಕಿನಿಂದ ಮತ್ತೆ ಸೇರಲು ನೋಡಿ.

ಪ್ರಶ್ನೆ: ನೋಟ್‌ಬುಕ್ ಹಿಡಿದರೆ ಅಕ್ಷರ ಉಲ್ಟಾ ಕಾಣುತ್ತೆ. ಟೀಚರ್‌ಗೂ ಹಾಗೇ ಕಾಣುತ್ತಾ?
(8ನೇ ತರಗತಿ, ಹುಣಸೂರು)

ಉತ್ತರ: ಇಲ್ಲ ಪುಟ್ಟಾ, ಅವರಿಗೆ ನೆಟ್ಟಗೇ ಕಾಣುತ್ತದೆ. ನಿನಗೆ ಮಾತ್ರ ಕನ್ನಡಿಯ ಹಾಗೆ ತಿರುಗಿಸಿ ತೋರಿಸುತ್ತದೆ. ಪುಸ್ತಕ ಅಲುಗಾಡಿಸದೆ ಮೂರ್ನಾಲ್ಕು ಸೆಕೆಂಡ್ ಹಿಡಿ. ಕಿಟಕಿ ನಿನ್ನ ಬೆನ್ನ ಹಿಂದೆ ಇರದೆ ಎದುರಿಗಿರಲಿ. ಹಿಂದಿನ ಕ್ಯಾಮೆರಾಗೆ ಬದಲಿಸಿದರೆ ಇನ್ನೂ ಸ್ಪಷ್ಟ.

ಪ್ರಶ್ನೆ: ಕರೆಂಟ್ ಹೋದ ಕೂಡಲೆ ಫೈಬರ್ ಇಂಟರ್ನೆಟ್ ನಿಲ್ಲುತ್ತೆ. ಮನೆಗೆಲ್ಲ ಇನ್ವರ್ಟರ್ ಹಾಕಿಸುವಷ್ಟು ಶಕ್ತಿ ಇಲ್ಲ.
(ಓದುಗರು, ಪಾಂಡವಪುರ)

ಉತ್ತರ: ರೌಟರಿಗೆ ಮಾತ್ರ ಪುಟ್ಟ ಯುಪಿಎಸ್ ಸಿಗುತ್ತದೆ, ಅಷ್ಟು ಸಾಕು. ಕೊಳ್ಳುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಕರೆಂಟ್ ಹೋದಾಗ ನಿಮ್ಮ ಬೀದಿಗೆ ಲೈನ್ ಕೊಡುವ ಕೇಬಲ್‌ನವರ ಕಡೆಯ ಪೆಟ್ಟಿಗೆಯೂ ನಿಂತರೆ ನಿಮ್ಮ ಯುಪಿಎಸ್‌ನಿಂದ ಏನೂ ಆಗದು. ಇನ್ವರ್ಟರ್ ಇರುವ, ಅದೇ ಕಂಪನಿಯ ಲೈನ್ ಇರುವ ನೆರೆಯವರನ್ನು ಕೇಳಿ. ಕರೆಂಟ್ ಇಲ್ಲದಾಗ ಅವರ ರೌಟರಿನಲ್ಲಿ ‘ಎಲ್‌ಒಎಸ್’ ದೀಪ ಕೆಂಪಾದರೆ ಆ ಕಡೆಯಿಂದಲೇ ಬರುತ್ತಿಲ್ಲ ಎಂದರ್ಥ.

ಅದು ಸರಿಯಿದ್ದರೆ ರೌಟರ್ ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿ. 12 ವೋಲ್ಟ್, 1 ಆಂಪಿಯರ್ ಎಂದು ಇರುವುದೇ ಹೆಚ್ಚು, 9 ವೋಲ್ಟಿನವೂ ಇವೆ. ವೋಲ್ಟ್ ಅದೇ ಇರಬೇಕು, ಆಂಪಿಯರ್ ಅಷ್ಟೋ ಹೆಚ್ಚೋ ಇರಬಹುದು, ಪಿನ್ನಿನ ಪ್ಲಸ್–ಮೈನಸ್ ಗುರುತೂ ಹೊಂದಬೇಕು. 9 ವೋಲ್ಟಿನದಕ್ಕೆ 12 ಕೊಟ್ಟರೆ ರೌಟರ್ ಸುಡಬಹುದು. 8,800 ಎಂಎಎಚ್, 3.7 ವೋಲ್ಟ್ ಬ್ಯಾಟರಿ ಎಂದರೆ ಸುಮಾರು 32 ವ್ಯಾಟ್‌ಗಂಟೆ. ನಷ್ಟ ಕಳೆದು, 8 ವ್ಯಾಟ್ ತಿನ್ನುವ ರೌಟರ್ ಮೂರು ಗಂಟೆ ಓಡುತ್ತದೆ. ಫೈಬರ್ ಡಬ್ಬಿ ಬೇರೆ, ವೈಫೈ ರೌಟರ್ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು ಎಂಬುದನ್ನು ಮರೆಯಬೇಡಿ. ಆಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಲು ಚೆಸ್ಕಾಂ ಸಹಾಯವಾಣಿ 1912.

ಪ್ರಶ್ನೆ: ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಯನ್ನು ಚಾಟ್‌ಗೆ ಅಂಟಿಸಿದರೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತವೆ. ಬಾಯಿಬಿಟ್ಟು ಕೇಳೋಣವೆಂದರೆ 200 ಜನರ ಮುಂದೆ ಮುಜುಗರ.
(ಕೆಎಎಸ್ ಪರೀಕ್ಷಾರ್ಥಿ, ಮೈಸೂರು)

ಉತ್ತರ: ನೀವು ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡುತ್ತಿದ್ದೀರಿ. ಅದರಲ್ಲಿ ಕನ್ನಡ ಕಾಣುವುದು ಆ ಫಾಂಟ್ ಇರುವಲ್ಲಿ ಮಾತ್ರ. ನುಡಿಯ ಹೊಸ ಆವೃತ್ತಿಯಲ್ಲಿ ಎಲ್ಲ ಕಡೆ ಕಾಣುವ ಯೂನಿಕೋಡ್ ಆಯ್ಕೆ ಇದೆ, ಅದನ್ನು ಹಾಕಿ. ಫೋನಿನಲ್ಲಾದರೆ ಜಿಬೋರ್ಡ್‌ಗೆ ಕನ್ನಡ ಸೇರಿಸಿ. ಮೈಕ್ ಗುರುತು ಒತ್ತಿ ಹೇಳಿದರೂ ಕನ್ನಡದಲ್ಲೇ ಬರೆದುಕೊಳ್ಳುತ್ತದೆ, ಆದರೆ ಮೊದಲು ಕ್ಲಾಸಿನ ಮೈಕ್ ಮ್ಯೂಟ್ ಇದೆಯೇ ನೋಡಿ.

ಮುಜುಗರಕ್ಕೆ ಚಾಟ್ ಒಳ್ಳೆಯ ದಾರಿ, ಆದರೆ ‘ಸಾರ್ ಅರ್ಥ ಆಗ್ಲಿಲ್ಲ’ ಎಂದು ಹಾಕಿದರೆ 200 ಜನರ ಚಾಟ್‌ನಲ್ಲಿ ಅದು ಮುಳುಗಿಹೋಗುತ್ತದೆ. ‘ಸ್ಲೈಡ್ 14, ಎರಡನೇ ಸಾಲು: 73ನೇ ತಿದ್ದುಪಡಿಯಲ್ಲಿ ಮಹಿಳಾ ಮೀಸಲು ಮೂರನೇ ಒಂದು ಎಂದಿದೆ, ಕರ್ನಾಟಕದಲ್ಲಿ ಶೇಕಡಾ 50 ಹೇಗೆ?’ ಎಂದು ಬರೆದರೆ ಮೇಷ್ಟ್ರು ಓದಿದೊಡನೆ ಉತ್ತರಿಸಬಹುದು. ಪ್ರಶ್ನೆಯನ್ನು ಮೊದಲು ನೋಟ್ಸ್ ಆ್ಯಪ್‌ನಲ್ಲಿ ಬರೆದಿಟ್ಟು, ಅವರು ‘ಡೌಟ್ಸ್?’ ಎಂದಾಗ ಅಂಟಿಸಿ. ಬಾಯಲ್ಲೇ ಕೇಳುವುದಾದರೆ ಲ್ಯಾಪ್‌ಟಾಪಿನ ಝೂಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಕೈ ಎತ್ತಿದಂತೆ. ಅನುಮತಿ ಸಿಕ್ಕ ಮೇಲೆ ಸ್ಪೇಸ್‌ಬಾರ್ ಒತ್ತಿಹಿಡಿದು ಮಾತಾಡಿ, ಬಿಟ್ಟರೆ ತಾನೇ ಮ್ಯೂಟ್ ಆಗುತ್ತದೆ. ಅಡುಗೆಮನೆಯ ಕುಕ್ಕರ್ ಕೂಗು ಕ್ಲಾಸಿಗೆ ಹೋಗುವ ಭಯವಿಲ್ಲ.

ಪ್ರಶ್ನೆ: ಒಂದನೇ ತರಗತಿ ಮಗುವಿಗೆ ದಿನಕ್ಕೆ ಮೂರು ಗಂಟೆ ಲೈವ್ ಟ್ಯೂಷನ್ ಹೆಚ್ಚಾಯಿತಾ?
(ತಾಯಿ, ಸರಸ್ವತಿಪುರಂ, ಮೈಸೂರು)

ಉತ್ತರ: ಹೆಚ್ಚಾಯಿತು. 2020ರಲ್ಲಿ ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ (ಈಗಿನ ಶಿಕ್ಷಣ ಸಚಿವಾಲಯ) ಹೊರಡಿಸಿದ ‘ಪ್ರಜ್ಞಾತ’ ಮಾರ್ಗಸೂಚಿಯಲ್ಲಿ 1ರಿಂದ 8ನೇ ತರಗತಿಗೆ ದಿನಕ್ಕೆ 30–45 ನಿಮಿಷದ ಎರಡು ಅವಧಿ ಮೀರಬಾರದು ಎಂದಿತ್ತು. 9ರಿಂದ 12ಕ್ಕೆ ನಾಲ್ಕು. ಅದೂ ಶಾಲೆ ಮುಚ್ಚಿದ್ದ ಕಾಲಕ್ಕೆ. ಈಗ ಮಗು ಶಾಲೆಗೂ ಹೋಗಿಬರುತ್ತಿದೆ. ಅರ್ಧ ಗಂಟೆಯ ಒಂದು ಅವಧಿ ಇಟ್ಟುಕೊಂಡು ಉಳಿದದ್ದನ್ನು ಬಿಡಿಸಿ.

ಪ್ರಶ್ನೆ: ಕ್ಲಾಸ್ ಮಧ್ಯೆ ಫೋನ್ ಕಾದು ವಿಡಿಯೋ ನಿಧಾನವಾಗುತ್ತೆ, ಕರೆ ಬಂದರೆ ಪಾಠವೇ ನಿಲ್ಲುತ್ತೆ.
(ಡಿಪ್ಲೊಮಾ ವಿದ್ಯಾರ್ಥಿ, ಕೆ.ಆರ್.ಪೇಟೆ)

ಉತ್ತರ: ಚಾರ್ಜಿಗೆ ಹಾಕಿಕೊಂಡು ವಿಡಿಯೋ ನೋಡಿದರೆ ಎರಡು ಕಡೆಯಿಂದ ಬಿಸಿ. ಬಿಸಿ ಏರಿದಂತೆ ಫೋನ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಕ್ಲಾಸಿಗೆ ಮೊದಲೇ ಚಾರ್ಜ್ ಮಾಡಿ, ಹಿಂದಿನ ಕವರ್ ತೆಗೆಯಿರಿ, ಹಾಸಿಗೆ ದಿಂಬಿನ ಮೇಲೆ ಇಡಬೇಡಿ. ಬೆಳಕು ತಗ್ಗಿಸಿದರೂ ಬಿಸಿ ಇಳಿಯುತ್ತದೆ.

ವೈಫೈ ಇದ್ದರೆ ಏರೋಪ್ಲೇನ್ ಮೋಡ್ ಹಾಕಿ ಆಮೇಲೆ ವೈಫೈ ಮಾತ್ರ ಆನ್ ಮಾಡಿ, ‘ವೈಫೈ ಕಾಲಿಂಗ್’ ಆಫ್ ಇದ್ದರೆ ಮಾಮೂಲಿ ಫೋನ್ ಕರೆಗಳು ಬರುವುದಿಲ್ಲ. ಮೊಬೈಲ್ ಡೇಟಾದಲ್ಲಿದ್ದರೆ ಆ ಎರಡು ಗಂಟೆಗೆ ಕರೆಗಳನ್ನು ಮನೆಯ ಬೇರೆ ನಂಬರಿಗೆ ಫಾರ್ವರ್ಡ್ ಮಾಡಿ. ಎರಡು ಸಿಮ್ ಇದ್ದರೆ ಕ್ಲಾಸಿನ ಹೊತ್ತಿಗೆ ಡೇಟಾ ಇಲ್ಲದ ಸಿಮ್ ಆಫ್ ಮಾಡಿಬಿಡಿ. ಅದರಲ್ಲಿ ಕರೆ ಎತ್ತಿದರೆ ಹಲವು ಫೋನ್‌ಗಳಲ್ಲಿ ಇನ್ನೊಂದರ ಡೇಟಾ ನಿಲ್ಲುತ್ತದೆ. ನೋಟ್ಸ್ ನೋಡಲು ಬೇರೆ ಆ್ಯಪ್‌ಗೆ ಹೋದಾಗ ಕ್ಲಾಸ್ ಕಟ್ ಆಗುತ್ತಿದ್ದರೆ, ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗದಲ್ಲಿ ಆ ಆ್ಯಪ್‌ಗೆ ‘ನೋ ರಿಸ್ಟ್ರಿಕ್ಷನ್ಸ್’ ಅಥವಾ ‘ಅನ್‌ರಿಸ್ಟ್ರಿಕ್ಟೆಡ್’ ಕೊಡಿ.